ಯಾರ ಬಾಗಿಲು ತಟ್ಟಬೇಕು? ನಿಸ್ತ್ರು ದಂಡೆಯ ಒಂದು ನಾಡಿನ ಕತೆ

ಮೊದಲು ಈ ನಾಣ್ಯ ನೋಡಿ. ಮುಂದಿನ ಸಾಲಿನಿಂದ ಹಿಂದಕ್ಕೆ ಒಬ್ಬರಿಂದ ಒಬ್ಬರಿಗೆ ದಾಟಿಸಿ, ಎಲ್ಲರೂ ಒಮ್ಮೆ ಕೈಯಲ್ಲಿ ಹಿಡಿದು ನೋಡಲಿ. ನಾಣ್ಯ ಕೂಡಿಡುವ ಗೆಳೆಯರೊಬ್ಬರಿಂದ ಇವತ್ತಿಗೆ ಅಂತ ಕೇಳಿ ತಂದಿದ್ದೇನೆ. ಮುಟ್ಟಿದ ಕೂಡಲೇ ಗೊತ್ತಾಗುತ್ತದೆ, ಇದು ಲೋಹ ಅಲ್ಲ, ಪ್ಲಾಸ್ಟಿಕ್. ಹಸಿರು ಬಣ್ಣ, ಚೌಕ ಆಕಾರ, ಬೆಲೆ ಮೂರು ರೂಬಲ್. ಇದರ ಜೊತೆಯವು ಇನ್ನೂ ಮೂರಿವೆ. ಒಂದು ರೂಬಲ್‌ನದು ದುಂಡಗೆ, ಐದರದಕ್ಕೆ ಐದು ಮೂಲೆ, ಹತ್ತರದಕ್ಕೆ ಆರು ಮೂಲೆ. ಲೂಡೋ ಡಬ್ಬಿಯಲ್ಲಿ ಇಟ್ಟರೆ ಯಾರಿಗೂ ಅನುಮಾನ ಬರುವುದಿಲ್ಲ, ಅಲ್ವಾ? ಆದರೆ ಇದು ಆಟದ ದುಡ್ಡಲ್ಲ. 2014ರಲ್ಲಿ ಚಲಾವಣೆಗೆ ಬಂತು. ಇದನ್ನು ಕೊಟ್ಟು ಜನ ಬ್ರೆಡ್ಡು, ಹಾಲು ಕೊಂಡಿದ್ದಾರೆ. ಆದರೆ ಒಂದು ಚೆಕ್‌ಪೋಸ್ಟ್ ದಾಟಿದಿರೋ, ಮುಂದಿನ ಊರಿನ ಬ್ಯಾಂಕಿನಲ್ಲಿ ಇದನ್ನು ಬದಲಾಯಿಸಿ ಕೊಡುವವರಿಲ್ಲ.

ಈ ನಾಣ್ಯದ ಊರು ಟ್ರಾನ್ಸ್‌ನಿಸ್ಟ್ರಿಯಾ. ರೊಮೇನಿಯಾ ಮತ್ತು ಉಕ್ರೇನ್ ನಡುವೆ ಮಾಲ್ಡೋವಾ ಅನ್ನುವ ಪುಟ್ಟ ದೇಶ ಇದೆ. ಅದರ ಪೂರ್ವದ ಅಂಚಿನಲ್ಲಿ ನಿಸ್ತ್ರು ನದಿ ಹರಿಯುತ್ತದೆ. ರಷ್ಯನ್ನರು ಅದನ್ನೇ ಡ್ನೀಸ್ಟರ್ ಅನ್ನುತ್ತಾರೆ. ನದಿಯ ಆಚೆ ದಂಡೆಯಲ್ಲಿ, ಉಕ್ರೇನ್ ಗಡಿಗೆ ಅಂಟಿಕೊಂಡ ಹಾಗೆ, ಒಂದು ಉದ್ದನೆಯ ಪಟ್ಟಿ. ಒಟ್ಟು ವಿಸ್ತೀರ್ಣ ಹೆಚ್ಚುಕಡಿಮೆ ನಮ್ಮ ಕೊಡಗು ಜಿಲ್ಲೆಯಷ್ಟು. ಜನ ಕೊಡಗಿಗಿಂತ ಕಡಿಮೆ, ನಾಲ್ಕೂವರೆ ಲಕ್ಷದ ಆಸುಪಾಸು. ಇಷ್ಟು ಜಾಗಕ್ಕೆ ಒಬ್ಬ ಅಧ್ಯಕ್ಷ ಇದ್ದಾರೆ, ಸಂಸತ್ತಿದೆ, ಪೊಲೀಸರು, ಸೈನ್ಯ, ಕೋರ್ಟು, ಅಂಚೆ ಚೀಟಿ, ಪಾಸ್‌ಪೋರ್ಟ್ ಎಲ್ಲಾ ಇವೆ. ಬಾವುಟದಲ್ಲಿ ಇವತ್ತಿಗೂ ಸುತ್ತಿಗೆ ಕುಡುಗೋಲಿನ ಗುರುತಿದೆ. ಇಲ್ಲದಿರುವುದು ಒಂದೇ. ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ಒಂದೇ ಒಂದು ದೇಶವೂ ಇದನ್ನು ದೇಶ ಅಂತ ಒಪ್ಪಿಲ್ಲ. ಬೆನ್ನಿಗೆ ನಿಂತಿರುವ ರಷ್ಯಾ ಕೂಡ ಒಪ್ಪಿಲ್ಲ.

ನಮ್ಮ ಮಕ್ಕಳು ಈ ಜಾಗದ ಪಕ್ಕದಲ್ಲೇ ಹಾದು ಬಂದಿದ್ದಾರೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಒಡೆಸಾದಲ್ಲಿ ಮೆಡಿಕಲ್ ಓದುತ್ತಿದ್ದ ಭಾರತದ ಹುಡುಗ ಹುಡುಗಿಯರು ಮಾಲ್ಡೋವಾ ಮೂಲಕ ರೊಮೇನಿಯಾಕ್ಕೆ ಹೋಗಿ ವಿಮಾನ ಹತ್ತಿದರು. ಒಡೆಸಾದಿಂದ ಮಾಲ್ಡೋವಾ ರಾಜಧಾನಿ ಕಿಶಿನಾವ್‌ಗೆ ನೇರ ರಸ್ತೆ ಟಿರಾಸ್ಪೋಲ್ ಮೇಲೆ ಹೋಗುತ್ತದೆ. ಟಿರಾಸ್ಪೋಲ್ ಅಂದರೆ ಈ ನಾಡಿನ ರಾಜಧಾನಿ. ಆದರೆ ಆ ಭಾಗದ ಗಡಿಯನ್ನು ಉಕ್ರೇನ್ ಮುಚ್ಚಿಬಿಟ್ಟಿತು. ಹಾಗಾಗಿ ದಕ್ಷಿಣಕ್ಕೆ ಸುತ್ತಿ ಪಲಾಂಕಾ ಅನ್ನುವ ಗಡಿ ಠಾಣೆಯಿಂದ ದಾಟಬೇಕಾಯಿತು. ಭೂಪಟದಲ್ಲಿ ಬರೆದಿರದ ಒಂದು ಗಡಿ, ಕೊರೆಯುವ ಚಳಿಯಲ್ಲಿ ಬ್ಯಾಗ್ ಹೊತ್ತವರ ದಾರಿಯನ್ನೇ ತಿರುಗಿಸಿತು.

ಹೆಸರಿನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಟ್ರಾನ್ಸ್‌ನಿಸ್ಟ್ರಿಯಾ ಅಂದರೆ 'ನಿಸ್ತ್ರುವಿನ ಆಚೆ'. ಅಂದರೆ ಈಚೆ ದಂಡೆಯಲ್ಲಿ ನಿಂತವರು ಇಟ್ಟ ಹೆಸರು. ಅಲ್ಲಿಯವರು ಹೇಳುವುದು 'ಪ್ರಿಡ್ನೆಸ್ಟ್ರೋವ್ಯೆ', ಡ್ನೀಸ್ಟರ್ ದಂಡೆಯ ನಾಡು. ಇದು ಸುಮ್ನೆ ಹಟ ಅಲ್ಲ. 1941ರಿಂದ 1944ರವರೆಗೆ, ಹಿಟ್ಲರ್ ಜೊತೆ ಸೇರಿದ್ದ ರೊಮೇನಿಯಾ ಈ ಪ್ರದೇಶವನ್ನು ಆಕ್ರಮಿಸಿ ಅದಕ್ಕೆ ಟ್ರಾನ್ಸ್‌ನಿಸ್ಟ್ರಿಯಾ ಅಂತಲೇ ಹೆಸರಿಟ್ಟಿತ್ತು. ಅಲ್ಲಿನ ಶಿಬಿರಗಳಲ್ಲಿ ಲಕ್ಷಕ್ಕೂ ಜಾಸ್ತಿ ಯಹೂದಿಗಳು ಸತ್ತರು. ಆ ನೆನಪು ಇರುವ ಮನೆಗಳಲ್ಲಿ ಈ ಹೆಸರು ಇನ್ನೂ ಚುಚ್ಚುತ್ತದೆ. 2024ರಲ್ಲಿ ಟಿರಾಸ್ಪೋಲ್ ಸಂಸತ್ತು ಈ ಪದ ಬಳಸಿದರೆ ದಂಡ ಅಂತ ಕಾನೂನನ್ನೇ ಮಾಡಿತು. ಪದಕ್ಕೆ ದಂಡ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆದರೆ ನೋವು ಸುಳ್ಳಲ್ಲ. ಹೊರಗಿನವರಿಗೆ ಪರಿಚಯದ ಹೆಸರು ಅಂತ ಇವತ್ತು ನಾನು ಟ್ರಾನ್ಸ್‌ನಿಸ್ಟ್ರಿಯಾ ಅಂತಲೇ ಹೇಳುತ್ತಾ ಹೋಗುತ್ತೇನೆ.

ಈಗ ಕೇಳಬೇಕಾದ ಪ್ರಶ್ನೆ ಕೇಳೋಣ. ಸೋವಿಯತ್ ಒಕ್ಕೂಟ ಒಡೆದಾಗ 15 ದೇಶಗಳಾದವು. ಎಸ್ಟೋನಿಯಾಕ್ಕೆ ಸಿಕ್ಕಿದ್ದು ಟ್ರಾನ್ಸ್‌ನಿಸ್ಟ್ರಿಯಾಕ್ಕೆ ಯಾಕೆ ಸಿಗಲಿಲ್ಲ?

ಉತ್ತರ ಒಂದು ಆಡಳಿತದ ಗೆರೆಯಲ್ಲಿದೆ. ಒಕ್ಕೂಟದಲ್ಲಿ 15 ಗಣರಾಜ್ಯಗಳಿದ್ದವು. ಅವುಗಳ ಒಳಗೆ ಸ್ವಾಯತ್ತ ಗಣರಾಜ್ಯಗಳು, ಅದಕ್ಕೂ ಕೆಳಗೆ ಸ್ವಾಯತ್ತ ಪ್ರಾಂತ್ಯಗಳು. 1991ರಲ್ಲಿ ಜಗತ್ತು ಒಪ್ಪಿಕೊಂಡಿದ್ದು ಮೇಲಿನ ಮೆಟ್ಟಿಲಿನ ಗೆರೆಗಳನ್ನು ಮಾತ್ರ. ಆ 15ರ ಗಡಿ ಎಲ್ಲಿತ್ತೋ ಅದೇ ಹೊಸ ದೇಶಗಳ ಗಡಿ. ಒಳಗಿನವರು ಬೇರೆ ಹೋಗುತ್ತೇವೆ ಅಂದರೆ ಇಲ್ಲ ಅಂದರು. ಅಬ್ಖಾಜಿಯಾ ಜಾರ್ಜಿಯಾದೊಳಗಿನ ಸ್ವಾಯತ್ತ ಗಣರಾಜ್ಯ, ದಕ್ಷಿಣ ಒಸೇಶಿಯಾ ಸ್ವಾಯತ್ತ ಪ್ರಾಂತ್ಯ. ನಾಗೋರ್ನೊ ಕರಾಬಾಖ್ ಅಜರ್‌ಬೈಜಾನ್ ಒಳಗಿನ ಸ್ವಾಯತ್ತ ಪ್ರಾಂತ್ಯ. ಎಲ್ಲಾ ಕಡೆ ರಕ್ತ ಹರಿಯಿತು. ಟ್ರಾನ್ಸ್‌ನಿಸ್ಟ್ರಿಯಾಕ್ಕಂತೂ 1991ರಲ್ಲಿ ಅಂಥ ಕೆಳಗಿನ ಮೆಟ್ಟಿಲೂ ಇರಲಿಲ್ಲ.

ಆದರೆ ಆ ಗೆರೆ ಹಾಕಿದ್ದು ಯಾರು? 1924ರಲ್ಲಿ ಸೋವಿಯತ್ ಸರ್ಕಾರ ನದಿಯ ಆಚೆ ದಂಡೆಯಲ್ಲಿ, ಉಕ್ರೇನ್ ಒಳಗೇ, ಒಂದು ಮಾಲ್ಡೇವಿಯನ್ ಸ್ವಾಯತ್ತ ಗಣರಾಜ್ಯ ಮಾಡಿತು. ಆಗ ಈಚೆ ದಂಡೆಯ ಬೆಸರಾಬಿಯಾ ರೊಮೇನಿಯಾದ ಕೈಯಲ್ಲಿತ್ತು. 'ನಿಮ್ಮವರ ಗಣರಾಜ್ಯ ಇಲ್ಲೇ ಇದೆ, ಬನ್ನಿ' ಅಂತ ನದಿಯಾಚೆಗೆ ತೋರಿಸಲು ಮಾಡಿದ್ದು ಅದು. 1940ರಲ್ಲಿ ಸ್ಟಾಲಿನ್ ಬೆಸರಾಬಿಯಾವನ್ನೇ ಕಿತ್ತುಕೊಂಡರು. ಅದರ ದೊಡ್ಡ ಭಾಗಕ್ಕೆ ಆಚೆ ದಂಡೆಯ ಪಟ್ಟಿಯನ್ನು ಹೊಲಿದು ಮಾಲ್ಡೇವಿಯನ್ ಗಣರಾಜ್ಯ ಮಾಡಿದರು. ಎರಡು ದಂಡೆಯ ಜನರನ್ನು ಯಾರೂ ಕೇಳಲಿಲ್ಲ. 50 ವರ್ಷ ಆದ ಮೇಲೆ ಹೊಲಿಗೆ ಬಿಚ್ಚಿತು.

ಬಿಚ್ಚಿದ್ದು ಭಾಷೆಯಿಂದ. ಕನ್ನಡದವರಾದ ನಮಗೆ ಇದು ಬೇಗ ಅರ್ಥವಾಗುತ್ತದೆ ಅಂತ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮಾಲ್ಡೋವಾದ ಬಹುಪಾಲು ಜನ ಆಡುವುದು ರೊಮೇನಿಯನ್. ಸೋವಿಯತ್ ಕಾಲದಲ್ಲಿ ಅದನ್ನು 'ಮಾಲ್ಡೋವನ್' ಅನ್ನುವ ಬೇರೆಯೇ ಭಾಷೆ ಅಂತ ಕರೆದು, ರಷ್ಯನ್‌ಗೆ ಬಳಸುವ ಸಿರಿಲಿಕ್ ಲಿಪಿಯಲ್ಲಿ ಬರೆಸಿದರು. ಒಂದು ಭಾಷೆಯನ್ನು ಎರಡು ಲಿಪಿಯಲ್ಲಿ ಬರೆಯುವುದು ನಮಗೆ ಹೊಸದಲ್ಲ. ಮಂಗಳೂರಿನಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಗೋವಾದಲ್ಲಿ ದೇವನಾಗರಿಯಲ್ಲೂ ರೋಮನ್‌ನಲ್ಲೂ ಬರೆಯುತ್ತಾರೆ. ಅದಕ್ಕಾಗಿ ಪೊಲೀಸರು ಶಾಲೆಗೆ ನುಗ್ಗಿದ್ದನ್ನು ನಾವು ಕಂಡಿಲ್ಲ. ಅಲ್ಲಿ ಅದೂ ಆಯಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

1989ರ ಆಗಸ್ಟ್ 31ರಂದು ಕಿಶಿನಾವ್‌ನಲ್ಲಿ ಹೊಸ ಕಾನೂನು ಬಂತು. ರಾಜ್ಯಭಾಷೆ ನಮ್ಮದು, ಲಿಪಿ ಲ್ಯಾಟಿನ್. ಈಚೆ ದಂಡೆಯಲ್ಲಿ ಜನ ಕಣ್ಣೀರು ಹಾಕಿ ಸಂಭ್ರಮಿಸಿದರು, ಇವತ್ತಿಗೂ ಆ ದಿನ ಭಾಷೆಯ ಹಬ್ಬ. ಆಚೆ ದಂಡೆಯಲ್ಲಿ ಅದೇ ಸುದ್ದಿಗೆ ಕಾರ್ಖಾನೆಗಳಲ್ಲಿ ಮುಷ್ಕರ. ಯಾಕೆ? 1989ರ ಜನಗಣತಿಯಲ್ಲಿ ಆ ಪಟ್ಟಿಯಲ್ಲಿ ಮಾಲ್ಡೋವನ್ನರು ಶೇ 40, ಉಕ್ರೇನಿಯನ್ನರು ಶೇ 28, ರಷ್ಯನ್ನರು ಶೇ 25ರಷ್ಟು. ಉಕ್ಕಿನ ಕಾರ್ಖಾನೆ, ದೊಡ್ಡ ವಿದ್ಯುತ್ ಸ್ಥಾವರ ಎಲ್ಲಾ ಅಲ್ಲೇ. ಕಾರ್ಖಾನೆಯ ಮಾತು ರಷ್ಯನ್. ನಾಳೆ ಇವರು ರೊಮೇನಿಯಾಕ್ಕೆ ಸೇರಿಕೊಂಡರೆ ನಮ್ಮ ಗತಿ ಏನು, ನಲವತ್ತು ದಾಟಿದ ಫಿಟ್ಟರ್ ಈಗ ಯಾವ ಭಾಷೆ ಕಲಿಯಬೇಕು ಅನ್ನುವ ಹೆದರಿಕೆ. ಅದನ್ನು ಮಾಸ್ಕೋದ ಪಿತೂರಿ ಅಂತ ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಹೆದರಿಕೆ ನಿಜವಾಗಿತ್ತು, ಕಿಶಿನಾವ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಸ್ಕೋ ಅದನ್ನು ಬಳಸಿಕೊಂಡಿತು ಅನ್ನುವುದೂ ಅಷ್ಟೇ ನಿಜ.

1990ರ ಸೆಪ್ಟೆಂಬರ್ 2ರಂದು ಟಿರಾಸ್ಪೋಲ್ ತನ್ನದು ಬೇರೆ ಗಣರಾಜ್ಯ ಅಂತ ಸಾರಿತು. ಗಮನಿಸಿ, ಆಗ ಅವರು ಸೋವಿಯತ್ ಒಕ್ಕೂಟದಿಂದ ಹೊರಗೆ ಹೋಗಲು ಹೊರಟಿರಲಿಲ್ಲ. ಒಕ್ಕೂಟದ ಒಳಗೇ ಉಳಿಯಲು ಮಾಲ್ಡೋವಾದಿಂದ ಬೇರೆಯಾಗುತ್ತಿದ್ದರು. ಮುಂದೆ ನಿಂತವರು ಕಾರ್ಖಾನೆಯೊಂದರ ನಿರ್ದೇಶಕ ಇಗೋರ್ ಸ್ಮಿರ್ನೋವ್. ಮುಂದೆ 20 ವರ್ಷ ಅವರೇ ಅಧ್ಯಕ್ಷ. 1991ರ ಕೊನೆಗೆ ಒಕ್ಕೂಟವೇ ಮಾಯವಾಯಿತು.

1992ರ ಯುದ್ಧವನ್ನು ಬೇಗ ಹೇಳಿ ಮುಗಿಸುತ್ತೇನೆ. ಮಾರ್ಚ್‌ನಲ್ಲಿ ಶುರು, ಜುಲೈನಲ್ಲಿ ಮುಗಿಯಿತು. ಭೀಕರ ಕಾದಾಟ ಜೂನ್‌ನಲ್ಲಿ, ಬೆಂಡೆರಿ ಊರಿನಲ್ಲಿ. ಎರಡೂ ಕಡೆ ಸೇರಿ ಸತ್ತವರು ಸುಮಾರು ಸಾವಿರ. ಅಲ್ಲಿ ಬೀಡುಬಿಟ್ಟಿದ್ದ ಹಳೆಯ ಸೋವಿಯತ್‌ನ 14ನೇ ಸೇನೆ ಟಿರಾಸ್ಪೋಲ್ ಪರ ನಿಂತಿತು. ಜುಲೈ 21ರಂದು ಮಾಸ್ಕೋದಲ್ಲಿ ಕದನವಿರಾಮಕ್ಕೆ ಸಹಿ ಹಾಕಿದವರು ಇಬ್ಬರು, ರಷ್ಯಾದ ಯೆಲ್ಟ್ಸಿನ್ ಮತ್ತು ಮಾಲ್ಡೋವಾದ ಸ್ನೆಗೂರ್. ಟಿರಾಸ್ಪೋಲ್‌ನವರ ಹೆಸರು ಆ ಕಾಗದದ ಬುಡದಲ್ಲಿ ಇಲ್ಲ. ಯುದ್ಧ ಯಾರ ನಡುವೆ ಆಯಿತು ಅನ್ನುವುದನ್ನು ಆ ಎರಡು ಸಹಿಗಳೇ ಹೇಳುತ್ತವೆ ಅಂತ ನನಗೆ ಅನಿಸುತ್ತದೆ. 1999ರಲ್ಲಿ ಇಸ್ತಾಂಬುಲ್ ಶೃಂಗಸಭೆಯಲ್ಲಿ ರಷ್ಯಾ 2002ರೊಳಗೆ ಸೈನ್ಯ ವಾಪಸು ಕರೆಸಿಕೊಳ್ಳುತ್ತೇವೆ ಅಂತ ಮಾತು ಕೊಟ್ಟಿತು. ಸುಮಾರು 1,500 ಸೈನಿಕರು ಆಮೇಲೂ ಉಳಿದರು. ಕೊಬಾಸ್ನಾ ಹಳ್ಳಿಯಲ್ಲಿ ಸುಮಾರು 20,000 ಟನ್ ಹಳೆಯ ಮದ್ದುಗುಂಡೂ ಉಳಿಯಿತು.

ನದಿಯೇ ಗಡಿ ಅಂತ ಅಂದುಕೊಳ್ಳಬೇಡಿ. ಬೆಂಡೆರಿ ಇರುವುದು ಈಚೆ ದಂಡೆಯಲ್ಲಿ, ಆಳುವುದು ಟಿರಾಸ್ಪೋಲ್. ದೊರೊತ್ಸ್‌ಕಾಯಾ ಹಳ್ಳಿ ಆಚೆ ದಂಡೆಯಲ್ಲಿ, ಆಳುವುದು ಕಿಶಿನಾವ್. ಯುದ್ಧ ನಿಂತ ದಿನ ಯಾರು ಎಲ್ಲಿದ್ದರೋ ಅಲ್ಲೇ ಗೆರೆ. ಒಬ್ಬ ರೈತನ ಮನೆ ಗೆರೆಯ ಒಂದು ಕಡೆ, ಹೊಲ ಇನ್ನೊಂದು ಕಡೆ.

ಜನ ಹೇಗೋ ಬದುಕು ಕಟ್ಟಿಕೊಂಡರು. ಟಿರಾಸ್ಪೋಲ್ ಕೊಡುವ ಪಾಸ್‌ಪೋರ್ಟ್ ಹಿಡಿದು ಹೊರಗೆ ಎಲ್ಲೂ ಹೋಗಲಾಗದು. ಹಾಗಾಗಿ ಮನೆಯ ಡ್ರಾಯರ್‌ನಲ್ಲಿ ಎರಡು ಮೂರು ಪಾಸ್‌ಪೋರ್ಟ್ ಇರುತ್ತವೆ. ಪಿಂಚಣಿಗೆ ರಷ್ಯಾದ್ದು, ಯುರೋಪಿಗೆ ದುಡಿಯಲು ಹೋಗಲು ಮಾಲ್ಡೋವಾದ್ದು. 2014ರಿಂದ ಮಾಲ್ಡೋವಾದವರಿಗೆ ಯುರೋಪಿನ ಬಹುಪಾಲು ದೇಶಗಳಿಗೆ ವೀಸಾ ಬೇಕಿಲ್ಲ, ಅದಾದ ಮೇಲೆ ಆ ಪಾಸ್‌ಪೋರ್ಟಿಗೆ ಬೇಡಿಕೆ ಇನ್ನೂ ಜಾಸ್ತಿ. ಕಾರಿನ ನಂಬರ್ ಪ್ಲೇಟ್ ಕೂಡ ಹೀಗೇ. ಅಲ್ಲಿಯ ಪ್ಲೇಟ್ ಇದ್ದರೆ ಹೊರದೇಶಕ್ಕೆ ಬಿಡುವುದಿಲ್ಲ. 2018ರಲ್ಲಿ ಎರಡೂ ಕಡೆಯವರು ಕೂತು, ಯಾರ ಬಾವುಟವೂ ಇಲ್ಲದ ಪ್ಲೇಟ್ ಕೊಡಲು ಒಪ್ಪಿದರು. ಬಾವುಟ ಬಿಟ್ಟರು, ಕಾರು ಗಡಿ ದಾಟಿತು. ಅಧಿಕಾರಿಗಳು ಮಾಡಿದ ಇಂಥ ಸಣ್ಣ ಕೆಲಸಗಳ ಮೇಲೆ ನನಗೆ ಬಹಳ ಗೌರವ ಇದೆ.

ಫುಟ್‌ಬಾಲ್ ನೋಡುವವರಿಗೆ ಟಿರಾಸ್ಪೋಲ್ ಹೆಸರು ಗೊತ್ತಿರುತ್ತದೆ. 2021ರ ಸೆಪ್ಟೆಂಬರ್ 28ರಂದು ಶೆರಿಫ್ ಟಿರಾಸ್ಪೋಲ್ ತಂಡ ರಿಯಲ್ ಮ್ಯಾಡ್ರಿಡ್ ಅನ್ನು ಅವರದೇ ಅಂಗಳದಲ್ಲಿ 2-1ರಿಂದ ಸೋಲಿಸಿತು. ಶೆರಿಫ್ ಅಂದರೆ ಅಲ್ಲಿಯ ದೊಡ್ಡ ಕಂಪನಿ. ಸೂಪರ್‌ಮಾರ್ಕೆಟ್, ಪೆಟ್ರೋಲ್ ಬಂಕ್, ಕ್ರೀಡಾಂಗಣ ಎಲ್ಲಾ ಅವರವೇ. ಆದರೆ ಆ ತಂಡ ಆಡುವುದು ಮಾಲ್ಡೋವಾದ ಲೀಗ್‌ನಲ್ಲಿ, ಆ ವರ್ಷ ಯುರೋಪಿಗೆ ಹೋದದ್ದು ಮಾಲ್ಡೋವಾದ ಚಾಂಪಿಯನ್ ಅಂತ. ಬೇರೆ ದಾರಿ ಇಲ್ಲ. ಆ ರಾತ್ರಿ ಗೆದ್ದದ್ದು ಯಾವ ದೇಶ ಅಂತ ಎರಡೂ ದಂಡೆಯಲ್ಲಿ ಕೇಳಿದರೆ ಎರಡು ಉತ್ತರ ಸಿಗುತ್ತದೆ.

ಇಷ್ಟು ಕೇಳಿದ ಮೇಲೆ, ಎಲ್ಲಾ ನಡೀತಿದೆಯಲ್ಲ, ಮಾನ್ಯತೆ ಇಲ್ಲದಿದ್ದರೆ ಏನು ನಷ್ಟ ಅಂತ ಅನಿಸಬಹುದು. ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇದನ್ನೇ. ಸಾರ್ವಭೌಮತ್ವ ಅಂದ ಕೂಡಲೇ ನಾವು ಅಧಿಕಾರ ಅಂದುಕೊಳ್ಳುತ್ತೇವೆ. ಯಾರ ಬಾವುಟ, ಯಾರ ಪೊಲೀಸ್. ನನಗೆ ಅದು ಹೊಣೆ ಅಂತ ಕಾಣುತ್ತದೆ. ನನಗೆ ಅನ್ಯಾಯ ಆದರೆ ಯಾರ ಬಾಗಿಲು ತಟ್ಟಬೇಕು? ಅಲ್ಲಿ ಟಿರಾಸ್ಪೋಲ್ ಬಾಗಿಲು ತಟ್ಟಿದರೆ ಅವರ ಮೇಲೆ ಇನ್ನೊಬ್ಬರಿಲ್ಲ. ಮಾಸ್ಕೋ ಬಾಗಿಲು ತಟ್ಟಿದರೆ ಅದು ಮಾಲ್ಡೋವಾದ ನೆಲ, ನಮಗೆ ಸಂಬಂಧ ಇಲ್ಲ ಅನ್ನುತ್ತಾರೆ. ಕಿಶಿನಾವ್ ಬಾಗಿಲು ತಟ್ಟಿದರೆ ನೆಲ ನಮ್ಮದೇ, ಆದರೆ ಅಲ್ಲಿ ನಮ್ಮ ಕೈ ನಡೆಯುವುದಿಲ್ಲ ಅನ್ನುತ್ತಾರೆ.

ಟಿರಾಸ್ಪೋಲ್‌ನಲ್ಲಿದ್ದುಕೊಂಡೇ ಮಾಲ್ಡೋವಾ ಪರ ರಾಜಕೀಯ ಮಾಡುತ್ತಿದ್ದ ಇಲಿಯೆ ಇಲಾಶ್ಕು ಅವರ ಪ್ರಕರಣ ನೋಡಿ. 1992ರಲ್ಲಿ ಟಿರಾಸ್ಪೋಲ್‌ನಲ್ಲಿ ಅವರನ್ನೂ ಅವರ ಸಂಗಡಿಗರನ್ನೂ ಹಿಡಿದರು. 1993ರಲ್ಲಿ ಅಲ್ಲಿನ ಕೋರ್ಟು ಮರಣದಂಡನೆ ವಿಧಿಸಿತು. ಜಗತ್ತು ಒಪ್ಪದ ಕೋರ್ಟು, ಆದರೆ ಜೈಲಿನ ಗೋಡೆ ಗಟ್ಟಿಯಾಗೇ ಇತ್ತು. ಜೈಲಿನಲ್ಲಿದ್ದಾಗಲೇ ಅವರು ಮಾಲ್ಡೋವಾ ಸಂಸತ್ತಿಗೆ ಆಯ್ಕೆಯಾದರು. ಬಿಡುಗಡೆಯಾಗಿದ್ದು 2001ರಲ್ಲಿ. 2004ರ ಜುಲೈ 8ರಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿತು. ಟಿರಾಸ್ಪೋಲ್ ಆಡಳಿತ ನಿಂತಿರುವುದೇ ರಷ್ಯಾದ ಸೈನ್ಯ, ದುಡ್ಡು, ರಾಜಕೀಯ ಬೆಂಬಲದ ಮೇಲೆ. ಹಾಗಾಗಿ ರಷ್ಯಾ ಹೊಣೆ. ಮಾಲ್ಡೋವಾವನ್ನೂ ಬಿಡಲಿಲ್ಲ. ಕೈ ನಡೆಯದಿದ್ದರೂ ಕೈಲಾದ ಪ್ರಯತ್ನ ಮಾಡಬೇಕಿತ್ತು, 2001ರ ಮೇಲೆ ಅದನ್ನು ಮಾಡಲಿಲ್ಲ ಅಂದಿತು. 'ಸಂಬಂಧ ಇಲ್ಲ' ಅಂದ ಬಾಗಿಲಿನ ಮೇಲೆ ಮೊದಲ ಸಲ ಒಬ್ಬರು ವಿಳಾಸ ಬರೆದರು.

ಇಲ್ಲೊಬ್ಬರು ಕೈ ಎತ್ತಿ ಕೇಳುತ್ತಿದ್ದಾರೆ, 2006ರ ಜನಮತದಲ್ಲಿ ಶೇ 97 ಮಂದಿ ಸ್ವತಂತ್ರವಾಗಿದ್ದು ರಷ್ಯಾಕ್ಕೆ ಸೇರೋಣ ಅಂದರಲ್ಲ, ಅದಕ್ಕೆ ಬೆಲೆ ಇಲ್ವಾ ಅಂತ. ಒಳ್ಳೆಯ ಪ್ರಶ್ನೆ. ಜನರ ಮನಸ್ಸಿಗೆ ಬೆಲೆ ಇದೆ. ಆದರೆ ವಿರೋಧದ ದನಿಗೆ ಜಾಗ ಇಲ್ಲದ ಕಡೆ, ಹೊರಗಿನ ಸೈನ್ಯ ಕೂತಿರುವ ಕಡೆ ಬಂದ 97ನ್ನು ನಾನು ಮನಸ್ಸಿನ ಅಳತೆ ಅಂತ ತೆಗೆದುಕೊಳ್ಳಲಾರೆ. ಅದೇ ಜನ ಮಾಲ್ಡೋವಾ ಪಾಸ್‌ಪೋರ್ಟಿಗೂ ಸಾಲು ನಿಂತವರು. ಒಂದು ಮತಪತ್ರದ ಎರಡು ಚೌಕದಲ್ಲಿ ಅವರ ಬದುಕು ಹಿಡಿಸುವುದಿಲ್ಲ.

ಬೇರೆ ದಾರಿ ಇರಲಿಲ್ಲವಾ? ಇತ್ತು, ಅದೇ ದೇಶದಲ್ಲಿ. ಮಾಲ್ಡೋವಾದ ದಕ್ಷಿಣದಲ್ಲಿ ಗಗಾವುಜ್ ಅನ್ನುವ ಜನ ಇದ್ದಾರೆ. ಮಾತು ಟರ್ಕಿಶ್‌ಗೆ ಹತ್ತಿರ, ಧರ್ಮ ಆರ್ಥೊಡಾಕ್ಸ್ ಕ್ರೈಸ್ತ. ಅವರೂ 1990ರಲ್ಲೇ ಬೇರೆ ಗಣರಾಜ್ಯ ಸಾರಿದ್ದರು. 1994ರಲ್ಲಿ ಕಿಶಿನಾವ್ ಅವರಿಗೆ ಸ್ವಾಯತ್ತತೆ ಕೊಟ್ಟಿತು. ಒಂದು ವೇಳೆ ಮಾಲ್ಡೋವಾ ಸ್ವತಂತ್ರ ದೇಶವಾಗಿ ಉಳಿಯದಿದ್ದರೆ ನಿಮ್ಮ ದಾರಿ ನೀವು ಆರಿಸಿಕೊಳ್ಳಬಹುದು ಅಂತ ಕಾನೂನಿನಲ್ಲೇ ಬರೆದುಕೊಟ್ಟಿತು. ರೊಮೇನಿಯಾಕ್ಕೆ ಸೇರಿಬಿಟ್ಟರೆ ಅನ್ನುವ ಹೆದರಿಕೆಗೆ ಒಂದೇ ಸಾಲಿನ ಉತ್ತರ. ಜಗಳ ಇವತ್ತಿಗೂ ಇದೆ, ರಾಜಕೀಯ ಕಹಿಯಾಗಿಯೇ ಇದೆ. ಆದರೆ ಚೆಕ್‌ಪೋಸ್ಟ್ ಇಲ್ಲ. ಆಚೆ ದಂಡೆಗೂ ಇಂಥ ಸಾಲೊಂದನ್ನು 1989ರಲ್ಲೇ ಬರೆದುಕೊಟ್ಟಿದ್ದರೆ ಅನ್ನುವ ಯೋಚನೆ ನನ್ನನ್ನು ಬಿಡುವುದಿಲ್ಲ.

ಬೆನ್ನಿಗೆ ನಿಂತವರು ಕೈಬಿಟ್ಟರೆ ಏನಾಗುತ್ತದೆ ಅಂತ 2023ರಲ್ಲಿ ಎಲ್ಲರೂ ನೋಡಿದರು. ನಾಗೋರ್ನೊ ಕರಾಬಾಖ್‌ನಲ್ಲಿ ರಷ್ಯಾದ ಶಾಂತಿಪಾಲಕರು ಇದ್ದಂತೆಯೇ ಅಜರ್‌ಬೈಜಾನ್ ದಾಳಿ ಮಾಡಿತು, ಸೆಪ್ಟೆಂಬರ್ 19 ಮತ್ತು 20, ಎರಡೇ ದಿನದಲ್ಲಿ ಎಲ್ಲಾ ಮುಗಿಯಿತು. ಕೆಲವೇ ದಿನದಲ್ಲಿ ಲಕ್ಷಕ್ಕೂ ಜಾಸ್ತಿ ಅರ್ಮೇನಿಯನ್ನರು ಮನೆ ಬಿಟ್ಟು ಹೊರಟರು. 30 ವರ್ಷ ದೇಶ ಅಂತ ನಡೆದದ್ದು 2024ರ ಜನವರಿ 1ಕ್ಕೆ ಕಾಗದದಲ್ಲೂ ಇಲ್ಲವಾಯಿತು.

ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ಗುಂಡು ಹಾರಲಿಲ್ಲ, ಗ್ಯಾಸ್ ನಿಂತಿತು. 30 ವರ್ಷ ಆ ನಾಡು ನಡೆದದ್ದೇ ರಷ್ಯಾದ ಗ್ಯಾಸ್ ಮೇಲೆ. ಜನರಿಂದ ಕಡಿಮೆ ದರದಲ್ಲಿ ದುಡ್ಡು ವಸೂಲಿ ಮಾಡಿ ಟಿರಾಸ್ಪೋಲ್ ತಾನೇ ಇಟ್ಟುಕೊಳ್ಳುತ್ತಿತ್ತು, ರಷ್ಯಾದ ಸರ್ಕಾರಿ ಗ್ಯಾಸ್ ಕಂಪನಿ ಗಾಜ್‌ಪ್ರಾಮ್‌ಗೆ ಕಟ್ಟುತ್ತಿರಲಿಲ್ಲ. ಅದೇ ಗ್ಯಾಸ್ ಉರಿಸಿ ಕುಚುರ್ಗಾನ್ ಸ್ಥಾವರದಲ್ಲಿ ಕರೆಂಟ್ ಮಾಡಿ ಕಿಶಿನಾವ್‌ಗೇ ಮಾರುತ್ತಿತ್ತು. ಉಕ್ರೇನ್ ಮೂಲಕ ಗ್ಯಾಸ್ ಸಾಗಿಸುವ ಒಪ್ಪಂದ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಹೊಸ ವರ್ಷದ ಬೆಳಿಗ್ಗೆ ಮನೆಗಳ ರೇಡಿಯೇಟರ್ ತಣ್ಣಗಾದವು, ನಲ್ಲಿಯಲ್ಲಿ ಬಿಸಿನೀರು ನಿಂತಿತು. ಕಾರ್ಖಾನೆಗಳು ಮುಚ್ಚಿದವು. ದಿನಕ್ಕೆ ಗಂಟೆಗಟ್ಟಲೆ ಕರೆಂಟ್ ಕಡಿತ. ಅದು ಅಲ್ಲಿ ಮಾಗಿಯ ನಡುಭಾಗ, ಹಿಮ ಬೀಳುವ ಕಾಲ. ಮಾಲ್ಡೋವಾದ ಸಾಲ ಬಾಕಿ ಇದೆ ಅಂತ ರಷ್ಯಾ, ಬೇರೆ ಪೈಪಿನಲ್ಲಿ ಕಳಿಸಬಹುದಿತ್ತು ಅಂತ ಕಿಶಿನಾವ್, ರಷ್ಯಾದ ಗ್ಯಾಸ್ ಬಂದೇ ಬರುತ್ತದೆ ಅಂತ ಟಿರಾಸ್ಪೋಲ್. ಒಂದು ತಿಂಗಳು ಹೀಗೇ ಹೋಯಿತು. ಫೆಬ್ರವರಿ 1ಕ್ಕೆ ಯುರೋಪಿಯನ್ ಒಕ್ಕೂಟದ ಎರಡು ಕೋಟಿ ಯೂರೋ ನೆರವಿನಿಂದ ಗ್ಯಾಸ್ ಬಂತು. ಆಮೇಲೆ ರಷ್ಯಾ ದುಡ್ಡು ಕೊಟ್ಟು, ಹಂಗೇರಿಯ ಕಂಪನಿಯೊಂದರ ಮೂಲಕ ತರಿಸುವ ಏರ್ಪಾಡಾಯಿತು. ಮೂರು ಬಾಗಿಲು ಅಂದೆನಲ್ಲ, ಆ ಜನವರಿಯಲ್ಲಿ ಕಂಬಳಿ ಹೊದ್ದು ಕೂತ ಮುದುಕಿಗೆ ಮೂರೂ ಮುಚ್ಚಿದ್ದವು.

ಈಗ ಶಾಲೆಯ ಮಾತು. ಟಿರಾಸ್ಪೋಲ್ ಆಡಳಿತ ರೊಮೇನಿಯನ್ ಅನ್ನು ಮಾಲ್ಡೋವನ್ ಅಂತಲೇ ಕರೆದು ಸಿರಿಲಿಕ್‌ನಲ್ಲೇ ಬರೆಯಬೇಕು ಅಂತ 1992ರಲ್ಲೇ ಕಾನೂನು ಮಾಡಿತ್ತು. ಆ ಲಿಪಿಯಲ್ಲಿ ಓದಿದ ಮಗು ಹೈಸ್ಕೂಲು ಮುಗಿಸಿ ಎಲ್ಲಿಗೆ ಹೋಗಬೇಕು? ಕಿಶಿನಾವ್‌ನ ಕಾಲೇಜು, ರೊಮೇನಿಯಾದ ಕಾಲೇಜು ಎಲ್ಲಾ ಲ್ಯಾಟಿನ್ ಲಿಪಿ. ಹಾಗಾಗಿ ಕೆಲವು ಶಾಲೆಗಳು ಲ್ಯಾಟಿನ್ ಲಿಪಿಯಲ್ಲೇ ಕಲಿಸುತ್ತಾ ಬಂದವು. 2004ರ ಜುಲೈ 29ರಂದು ರಿಬ್ನಿತ್ಸಾ ಊರಿನ ಅಂಥ ಶಾಲೆಯೊಂದಕ್ಕೆ ಪೊಲೀಸರು ನುಗ್ಗಿದರು. ಒಳಗೆ ಕೂತಿದ್ದ ತಾಯಂದಿರನ್ನೂ ಮಕ್ಕಳನ್ನೂ ಹೊರಗೆ ಹಾಕಿದರು. ಗ್ರಿಗೊರಿಯೊಪೋಲ್ ಊರಿನ ಶಾಲೆಯನ್ನು ಅದಕ್ಕೂ ಮೊದಲೇ, 2002ರಲ್ಲಿ, ಎತ್ತಂಗಡಿ ಮಾಡಬೇಕಾಗಿ ಬಂದಿತ್ತು. ಎಲ್ಲಿಗೆ? ಆಗಲೇ ಹೇಳಿದ ದೊರೊತ್ಸ್‌ಕಾಯಾ ಹಳ್ಳಿಗೆ, ಸುಮಾರು 20 ಕಿಲೋಮೀಟರ್ ದೂರ. ಬೆಳಿಗ್ಗೆ ಬಸ್ಸು ಹತ್ತಬೇಕು. ಚೆಕ್‌ಪೋಸ್ಟಿನಲ್ಲಿ ಇಳಿದು ಗುರುತಿನ ಚೀಟಿ ತೋರಿಸಬೇಕು, ಬ್ಯಾಗ್ ಬಿಚ್ಚಬೇಕು, ಬೈಗುಳ ಕೇಳಬೇಕು. ಸಂಜೆ ಮತ್ತೆ ಹಾಗೇ. ತಮ್ಮ ಭಾಷೆಯನ್ನು ತಮ್ಮ ಅಕ್ಷರದಲ್ಲಿ ಓದಲು ಆ ಮಕ್ಕಳು ದಿನಕ್ಕೆ ಎರಡು ಸಲ ಒಂದು ಗಡಿ ದಾಟಿದರು.

170 ಮಂದಿ, ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರು, ಸ್ಟ್ರಾಸ್‌ಬರ್ಗ್‌ಗೆ ಹೋದರು. 2012ರ ಅಕ್ಟೋಬರ್ 19ರಂದು ತೀರ್ಪು ಬಂತು. ಈ ಸಲ ಮಾಲ್ಡೋವಾದ ತಪ್ಪಿಲ್ಲ ಅಂದಿತು ಕೋರ್ಟು. ಅವರು ಬಾಡಿಗೆ ಕಟ್ಟಿದ್ದಾರೆ, ಸಂಬಳ ಕೊಟ್ಟಿದ್ದಾರೆ, ಬಸ್ಸು ಕೊಟ್ಟಿದ್ದಾರೆ. ಹೊಣೆ ರಷ್ಯಾದ್ದು, ಒಬ್ಬೊಬ್ಬರಿಗೆ 6,000 ಯೂರೋ ಪರಿಹಾರ ಕೊಡಬೇಕು ಅಂದಿತು. ರಷ್ಯಾ ಕೊಡಲಿಲ್ಲ. 2022ರ ಮಾರ್ಚ್‌ನಲ್ಲಿ, ಉಕ್ರೇನ್ ಮೇಲಿನ ದಾಳಿಯ ಕಾರಣಕ್ಕೆ, ರಷ್ಯಾವನ್ನು ಆ ಕೋರ್ಟು ಯಾವ ಕೂಟದ್ದೋ ಆ ಕೌನ್ಸಿಲ್ ಆಫ್ ಯುರೋಪ್‌ನಿಂದಲೇ ಹೊರಗೆ ಹಾಕಿದರು. ಆ ಬಸ್ಸಿನಲ್ಲಿ ಓಡಾಡಿದ ಮಕ್ಕಳಲ್ಲಿ ದೊಡ್ಡವರಿಗೆ ಈಗ ಮೂವತ್ತು ದಾಟಿದೆ. ಗೆದ್ದ ತೀರ್ಪು ಅವರ ಕೈಯಲ್ಲಿದೆ.

ನಾಣ್ಯ ಹಿಂದಿನ ಸಾಲು ಮುಟ್ಟಿತಾ? ಹಾಗಾದರೆ ಹಾಗೇ ಮುಂದಕ್ಕೆ ಕಳಿಸಿ, ಗೆಳೆಯರಿಗೆ ವಾಪಸು ಕೊಡಬೇಕು.